ಕಾರಣ ಹೇಳದೆ ದಾಟಿಸಿದ ಮಾತು

ತಾರಸಿ ಸೋರುತ್ತಿದೆ ಎಂದು ಮನೆ ಮಾಲೀಕರು ಕೊನೆಯ ಕಂತು ತಡೆಹಿಡಿದಿದ್ದರು. ಕಂಟ್ರಾಕ್ಟರ್ ಹಣಕ್ಕಾಗಿ ದಾವೆ ಹಾಕಿದ್ದರು. ಕೇಸು ಮಧ್ಯಸ್ಥಿಕೆಗೆಂದು, ಅಂದರೆ ಇಬ್ಬರನ್ನೂ ಮಾತಾಡಿಸಿ ಅವರೇ ರಾಜಿಗೆ ಬರುವಂತೆ ಮಾಡಲೆಂದು, ನನ್ನ ಹತ್ತಿರ ಬಂತು. (ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ಮೊದಲು ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ಮಾಲೀಕರು ಫೋನಿನಲ್ಲಿ ಫೋಟೋಗಳನ್ನು ಸರಿಸುತ್ತಾ ಹೋದರು. ಮೂಲೆಯಲ್ಲಿ ಹಳದಿ ಕಲೆ, ಕೆಳಗೆ ಬಕೆಟ್ಟು, ಒದ್ದೆ ಹಾಸಿಗೆ. ಕಂಟ್ರಾಕ್ಟರ್ ಅತ್ತ ತಿರುಗಿಯೂ ನೋಡಲಿಲ್ಲ. "ನನ್ನ ಕೆಲಸದಲ್ಲಿ ತಪ್ಪಿಲ್ಲ" ಎಂದರು, ಅಷ್ಟೇ.

ಶುರುವಿನ ವರ್ಷಗಳಲ್ಲಾಗಿದ್ದರೆ ಇಲ್ಲೇ ಒಂದು ಮೊತ್ತ ಹೇಳಿಬಿಡುತ್ತಿದ್ದೆ. ಅದು ದೊಡ್ಡ ತಪ್ಪು. ನಾವು ಮೊತ್ತ ಹೇಳಿದ ಕೂಡಲೇ ಜಡ್ಜ್ ಆಗಿಬಿಡುತ್ತೇವೆ, ಅವರಿಬ್ಬರೂ ಮತ್ತೆ ವಾದಕ್ಕೆ ಇಳಿಯುತ್ತಾರೆ.

ಆಮೇಲೆ ಒಬ್ಬೊಬ್ಬರನ್ನೇ ಮಾತಾಡಿಸಿದೆ. ಬಾಗಿಲು ಮುಚ್ಚಿದ ಮೇಲೆ ಕಂಟ್ರಾಕ್ಟರ್ ದನಿ ತಗ್ಗಿತು. "ರಿಪೇರಿ ಎರಡು ದಿನದ ಕೆಲಸ ಸಾರ್. ಆದ್ರೆ ತಪ್ಪಾಗಿದೆ ಅಂತ ಬರೆದುಕೊಟ್ಟರೆ ಆ ಕಾಗದ ಎಲ್ಲೆಲ್ಲೋ ಓಡಾಡುತ್ತೆ. ನಾಳೆ ನನಗೆ ಕೆಲಸ ಯಾರು ಕೊಡ್ತಾರೆ?"

ಇದನ್ನು ಮಾಲೀಕರಿಗೆ ಹೇಳಬಹುದಾ ಎಂದು ಕೇಳಿದೆ. ರಿಪೇರಿ ವಿಷಯ ಹೇಳಿ, ಕಾರಣ ಬೇಡ ಎಂದರು. ಒಬ್ಬರು ಗುಟ್ಟಾಗಿ ಹೇಳಿದ್ದನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಬಾಯಿ ತಪ್ಪಬಾರದಲ್ಲ, ಅದಕ್ಕೆ ಪುಸ್ತಕದಲ್ಲಿ "ರಿಪೇರಿ ಹೌದು, ಕಾರಣ ಇಲ್ಲ" ಎಂದು ಬರೆದು ಅಡಿಗೆರೆ ಎಳೆದುಕೊಂಡೆ.

ಮಾಲೀಕರಿಗೆ ಬೇರೆಯದೇ ಚಿಂತೆ. "ಬೇಸಿಗೇಲಿ ರಿಪೇರಿ ಮಾಡಿದ್ರೆ ಸೋರೋದು ನಿಂತಿದೆ ಅಂತ ಹೇಗೆ ಗೊತ್ತಾಗುತ್ತೆ?" ನ್ಯಾಯವಾದ ಪ್ರಶ್ನೆ ಅಲ್ವಾ? "ನಿಮಗೆ ಯಾವಾಗ ಧೈರ್ಯ ಬರುತ್ತೆ?" ಎಂದು ಕೇಳಿ ಸುಮ್ಮನೆ ಕೂತೆ. ತುಂಬ ಹೊತ್ತು ಮಾತಿಲ್ಲ. ಕೊನೆಗೆ ಅವರೇ ಹೇಳಿದರು, "ಒಂದು ಮಳೆಗಾಲ ಕಳೀಲಿ."

ಕೊನೆಗೆ ಇಬ್ಬರೂ ಒಪ್ಪಿದ್ದು ಇಷ್ಟು: ರಿಪೇರಿ ಮುಗಿದ ದಿನ ಅರ್ಧ ಹಣ, ಮಳೆಗಾಲ ಕಳೆದ ಮೇಲೆ ಉಳಿದರ್ಧ. ರಾಜಿ ಪತ್ರದಲ್ಲಿ "ದೋಷ" ಎಂಬ ಪದವೇ ಇಲ್ಲ, "ತಾರಸಿ ಕೆಲಸ" ಅಂತಷ್ಟೇ. ಬರೆಯುವಾಗ ಮಾತ್ರ ನಾನು ಜಾಸ್ತಿ ಹಟ ಮಾಡುತ್ತೇನೆ. "ಆದಷ್ಟು ಬೇಗ" ಎಂದು ಬರೆಯಲು ಬಿಡುವುದಿಲ್ಲ, ತಾರೀಖು ಬೇಕು. ಮತ್ತೆ ಸೋರಿದರೆ ಯಾರು ಬಂದು ನೋಡಬೇಕು, ಎಷ್ಟು ದಿನದೊಳಗೆ, ಹಣ ತಪ್ಪಿದರೆ ಏನು, ಎಲ್ಲವೂ ಇರಬೇಕು.

ಎಲ್ಲ ಕೇಸೂ ಮಧ್ಯಸ್ಥಿಕೆಗೆ ಹೊಂದುವುದಿಲ್ಲ. ಒಬ್ಬರು ಇನ್ನೊಬ್ಬರಿಗೆ ಹೆದರಿ ತಲೆಯಾಡಿಸುತ್ತಿದ್ದಾರೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸುತ್ತೇನೆ. ಅಂಥವರಿಗೆ ಕೋರ್ಟೇ ಬೇಕು.

ಸಹಿ ಹಾಕುವ ಮುಂಚೆ ಕಂಟ್ರಾಕ್ಟರ್ ಆ ಫೋಟೋ ಇನ್ನೊಮ್ಮೆ ತೋರಿಸಿ ಎಂದರು. ಕಲೆಯನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದರು. "ಇದು ಪೈಪ್ ಇಳಿಯೋ ಜಾಗ. ಇಲ್ಲಿಂದಲೇ ಶುರು ಮಾಡ್ತೀನಿ" ಎಂದು ಮಾಲೀಕರಿಗೇ ಹೇಳಿದರು.