24 ಎಚ್‌ಪಿ ಮಿನಿ ಟ್ರ್ಯಾಕ್ಟರಿಗೆ ಸ್ಲ್ಯಾಷರ್ ಆರಿಸಿದ್ದು: ನನ್ನ ಅನುಭವ

ಪಾಂಡವಪುರ ತಾಲ್ಲೂಕಿನ ನಾಲಾ ಬಯಲಿನಲ್ಲಿದೆ ನಮ್ಮ ತೆಂಗಿನ ತೋಟ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟರೆ ನೆಲದ ತೇವ ಆರುವುದೇ ಇಲ್ಲ. ಗರಿಕೆ, ಜೇಕು, ಉತ್ತರಾಣಿ, ಬದುವಿನ ಮಗ್ಗುಲಲ್ಲಿ ಲಂಟಾನ, ಎಲ್ಲಕ್ಕಿಂತ ಹೆಚ್ಚಾಗಿ ಕಾಂಗ್ರೆಸ್ ಗಿಡ, ನೋಡುನೋಡುತ್ತಿದ್ದಂತೆ ಸೊಂಟದುದ್ದ ಎದ್ದುಬಿಡುತ್ತವೆ. ನಮ್ಮ ಕಡೆ ಇದಕ್ಕೆಲ್ಲ ಇದ್ದ ಒಂದೇ ಮದ್ದು ನೆಲ ಕೆದಕಿ ಪುಡಿ ಮಾಡುವ ರೊಟವೇಟರ್. ಆದರೆ ತೆಂಗಿಗೆ ನೀರು, ಗೊಬ್ಬರ ಎಳೆದುಕೊಡುವ ಬೇರುಗಳಲ್ಲಿ ಬಹುಪಾಲು ಇರುವುದು ಬುಡದಿಂದ ಎರಡು ಮೀಟರ್ ಒಳಗೇ. ಬುಡದ ಹತ್ತಿರ ರೊಟವೇಟರ್ ಹೊಡೆದಷ್ಟೂ ಅವು ಹರಿಯುತ್ತವೆ. ಜೇಕಿನ ಗಡ್ಡೆಯೂ ತೋಟದ ತುಂಬ ಹರಡುತ್ತದೆ. ಹಾಗಾಗಿ ನೆಲ ಕೆದಕದೆ ಮೇಲಿನ ಕಳೆಯನ್ನಷ್ಟೇ ಕತ್ತರಿಸಿ ಅಲ್ಲೇ ಕೊಳೆಯಲು ಬಿಡೋಣ ಎಂದು ನಿರ್ಧಾರ ಮಾಡಿದೆ. ಮನೆಯಲ್ಲಿ ಇದ್ದದ್ದು 24 ಎಚ್‌ಪಿ ಮಿನಿ ಟ್ರ್ಯಾಕ್ಟರ್. ಅದಕ್ಕೆ ಹೊಂದುವ ಸ್ಲ್ಯಾಷರ್, ಅಂದರೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿಕೊಂಡು ತಿರುಗುವ ಬ್ಲೇಡಿನಿಂದ ಕಳೆ ಕತ್ತರಿಸುವ ಯಂತ್ರ, ಹುಡುಕಬೇಕಿತ್ತು.

ಮಲ್ಚರ್ ತಗೊಳ್ಳಿ ಎಂದವರೂ ಇದ್ದರು. ಕಬ್ಬಿನ ತರಗಿಗೆ ಮಲ್ಚರ್ ಒಳ್ಳೆಯದು, ನುಣ್ಣಗೆ ಪುಡಿ ಮಾಡುತ್ತದೆ. ಆದರೆ ಅಷ್ಟೇ ಅಗಲದ ಮಲ್ಚರ್‌ಗೆ ಸ್ಲ್ಯಾಷರ್‌ಗಿಂತ ಹೆಚ್ಚು ಶಕ್ತಿ ಬೇಕು, ತೂಕವೂ ಹೆಚ್ಚು. ದೊಡ್ಡ ಟ್ರ್ಯಾಕ್ಟರ್ ಇದ್ದವರ ಮಾತು ಅದು.

ಸ್ಲ್ಯಾಷರ್ ಎಂದು ತೀರ್ಮಾನವಾದ ಮೇಲೆ ಅಗಲದ ಲೆಕ್ಕ. "ಐದಡಿದೇ ತಗೊಳಣ್ಣೋ, ಜಲ್ದಿ ಮುಗೀತದೆ" ಅಂತ ಪಕ್ಕದ ಜಮೀನಿನ ತಮ್ಮಯ್ಯ ಹೇಳಿದ. ಅವನ ಮಾತಿನಲ್ಲಿ ನಿಜವಿತ್ತು. ನಮ್ಮ ಸಾಲಿನಿಂದ ಸಾಲಿಗೆ 25 ಅಡಿ. ಎರಡೂ ಕಡೆ ಪಾತಿಗೆ ಆರಾರು ಅಡಿ ಬಿಟ್ಟರೆ ಗಾಡಿ ಓಡಲು ಉಳಿಯುವುದು 13 ಅಡಿ. ಒಂದರ ಮೇಲೊಂದು ಅರ್ಧ ಅಡಿ ಬರುವಂತೆ ಹೊಡೆದರೆ ಐದಡಿಯದಕ್ಕೆ ಮೂರು ಸಲ ಓಡಾಟ, ನಾಲ್ಕಡಿಯದಕ್ಕೆ ನಾಲ್ಕು ಸಲ. ಒಂದು ಓಡಾಟ ಉಳಿಯುತ್ತದೆ, ಡೀಸೆಲ್ಲೂ ಉಳಿಯುತ್ತದೆ ಅನಿಸುತ್ತದೆ.

ಆದರೆ ಬಾನೆಟ್ ಮೇಲೆ ಬರೆದಿರುವ 24 ಎಚ್‌ಪಿ ಎಂಜಿನ್ನಿನದು. ಗೇರುಗಳನ್ನು ದಾಟಿ ಪಿಟಿಒಗೆ, ಅಂದರೆ ಹಿಂದೆ ಕಟ್ಟಿದ ಯಂತ್ರವನ್ನು ತಿರುಗಿಸುವ ಟ್ರ್ಯಾಕ್ಟರಿನ ದಂಡಕ್ಕೆ, ಬರುವಷ್ಟರಲ್ಲಿ ಅದು ಕಡಿಮೆಯಾಗಿರುತ್ತದೆ. ಎಷ್ಟು ಕಡಿಮೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ, ಅದಕ್ಕೇ ಗಾಡಿಯ ಪುಸ್ತಕದಲ್ಲಿ ಪಿಟಿಒ ಎಚ್‌ಪಿ ಎಂದು ಬೇರೆಯಾಗಿ ಕೊಟ್ಟಿರುತ್ತಾರೆ. ನೋಡಬೇಕಾದದ್ದು ಆ ಅಂಕಿ. ಸ್ಲ್ಯಾಷರ್‌ಗೆ ಒಂದಡಿ ಅಗಲಕ್ಕೆ ಸುಮಾರು 5 ಪಿಟಿಒ ಎಚ್‌ಪಿ ಬೇಕು ಎನ್ನುವುದು ರೂಢಿಯ ಲೆಕ್ಕ. ನಾಲ್ಕಡಿಗೆ 20, ಐದಡಿಗೆ 25. ನನ್ನ ಗಾಡಿಯಲ್ಲಿ ಪಿಟಿಒಗೆ ಸಿಗುವುದು ಇಪ್ಪತ್ತರ ಆಸುಪಾಸು. ಒಣಗಿದ ತೆಳು ಹುಲ್ಲಿಗೆ ಐದಡಿಯದೂ ನಡೆದೀತು. ಹಿಂಗಾರು ಮಳೆ ಬಿದ್ದ ಮೇಲಿನ ಒದ್ದೆ ಹುಲ್ಲಿಗೆ ಎಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜೋರು, ಕಳೆಯೂ ಆಗಲೇ ಜೋರು. ಕಷ್ಟದ ತಿಂಗಳಿಗೆ ಹೊಂದುವ ಅಗಲ ಬೇಕು ಎಂದು ನಾಲ್ಕಡಿಗೇ ಬಂದು ನಿಂತೆ.

ಇನ್ನೂ ಚಿಕ್ಕದು ತಗೊಳ್ಳಬಹುದಲ್ಲ ಎಂದರೆ ಅದೂ ಆಗದು. ಹಿಂದಿನ ಎರಡು ಟೈರುಗಳ ಹೊರ ಅಂಚಿನಿಂದ ಹೊರ ಅಂಚಿಗೆ ಟೇಪು ಹಿಡಿದು ಅಳೆಯಬೇಕು. ಕತ್ತರಿಸುವ ಅಗಲ ಅದಕ್ಕಿಂತ ಹೆಚ್ಚೇ ಇರಬೇಕು. ಇಲ್ಲವಾದರೆ ಟೈರು ತುಳಿದು ಮಲಗಿಸಿದ ಹುಲ್ಲು ಹಾಗೇ ಉಳಿದು, ಮಾರನೇ ದಿನ ಎದ್ದು ನಿಲ್ಲುತ್ತದೆ. ನನ್ನ ಗಾಡಿಯದು ಮೂರೂವರೆ ಅಡಿ, ನಾಲ್ಕಡಿಯ ಸ್ಲ್ಯಾಷರ್ ಎರಡೂ ಕಡೆ ಮೂರು ಮೂರು ಇಂಚು ಹೊರಗೆ ಬರುತ್ತದೆ.

ಈಗ ಕ್ಲಚ್ಚಿನ ವಿಚಾರ. ಇದನ್ನು ಅಂಗಡಿಯಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ, ನಾಲೆ ಪಕ್ಕದ ಜಮೀನಿನವರಂತೂ ಕೇಳಿ ತಿಳಿಯಲೇಬೇಕು. ಸ್ಲ್ಯಾಷರಿನ ಬ್ಲೇಡು, ಅದನ್ನು ಹಿಡಿದಿರುವ ತಟ್ಟೆ ಎರಡೂ ಭಾರ. ಒಮ್ಮೆ ವೇಗ ಹಿಡಿದರೆ ಗಾಣದ ಕಲ್ಲಿನ ಹಾಗೆ, ತಳ್ಳುವುದು ನಿಲ್ಲಿಸಿದರೂ ತಿರುಗುತ್ತಲೇ ಇರುತ್ತದೆ. ಸಿಂಗಲ್ ಕ್ಲಚ್ಚಿನ ಗಾಡಿಯಲ್ಲಿ ಕ್ಲಚ್ ತುಳಿದಾಗ ಎಂಜಿನ್ನಿನ ಸಂಬಂಧ ಮಾತ್ರ ಕಡಿಯುತ್ತದೆ. ಪಿಟಿಒಗೂ ಚಕ್ರಕ್ಕೂ ಗೇರ್‌ಬಾಕ್ಸಿನೊಳಗೆ ಇರುವ ಸಂಬಂಧ ಹಾಗೇ ಇರುತ್ತದೆ. ಆಗ ತಿರುಗುತ್ತಿರುವ ಬ್ಲೇಡು ಹಿಂದಿನಿಂದ ಪಿಟಿಒ ಮೂಲಕ ಚಕ್ರವನ್ನೇ ತಿರುಗಿಸಿ ಗಾಡಿಯನ್ನು ಮುಂದಕ್ಕೆ ತಳ್ಳುತ್ತದೆ. ಕ್ಲಚ್ ತುಳಿದಿದ್ದೇವೆ, ಗಾಡಿ ನಿಲ್ಲುತ್ತಿಲ್ಲ. ಮುಂದೆ ನಾಲೆ ಏರಿ ಇದ್ದರೆ ಏನಾದೀತು ಎಂದು ಯೋಚಿಸಿ. ಡಬಲ್ ಕ್ಲಚ್ ಅಥವಾ ಪಿಟಿಒಗೆ ಬೇರೆಯೇ ಕ್ಲಚ್ ಇರುವ ಗಾಡಿಗೆ ಈ ತೊಂದರೆ ಇಲ್ಲ. ಸಿಂಗಲ್ ಕ್ಲಚ್ ಗಾಡಿಗೆ ಪಿಟಿಒ ತುದಿಗೆ ಓವರ್‌ರನ್ನಿಂಗ್ ಕಪ್ಲರ್ ಹಾಕಿಸಬೇಕು. ಸೈಕಲ್ಲಿನ ಫ್ರೀವೀಲ್ ಕೆಲಸವೇ ಅದರದು: ಎಂಜಿನ್ ಬ್ಲೇಡನ್ನು ತಿರುಗಿಸಬಹುದು, ಬ್ಲೇಡು ಗಾಡಿಯನ್ನು ತಿರುಗಿಸಲಾಗದು. ನನ್ನ ಗಾಡಿ ಸಿಂಗಲ್ ಕ್ಲಚ್ಚಿನದು. ಕಪ್ಲರ್ ಸಿಗುವವರೆಗೆ ಸ್ಲ್ಯಾಷರನ್ನು ತೋಟಕ್ಕೆ ಇಳಿಸಲಿಲ್ಲ.

ಕಪ್ಲರ್ ಹಾಕಿದರೆ ಅಷ್ಟುದ್ದ ಜಾಗ ಅದೇ ತಿನ್ನುತ್ತದೆ. ಹಾಗಾಗಿ ಗಾಡಿಗೂ ಸ್ಲ್ಯಾಷರಿಗೂ ನಡುವಿನ, ಒಂದರೊಳಗೊಂದು ಜಾರುವ ಕೊಳವೆಗಳ ಪಿಟಿಒ ಶಾಫ್ಟನ್ನು ಅಳೆದು ಕತ್ತರಿಸಬೇಕು. ಸ್ಲ್ಯಾಷರನ್ನು ಟ್ರ್ಯಾಕ್ಟರಿನ ಲಿಫ್ಟಿನಲ್ಲಿ ಮೇಲಕ್ಕೂ ಕೆಳಕ್ಕೂ ಆಡಿಸಿ, ಶಾಫ್ಟು ಅತಿ ಗಿಡ್ಡವಾಗುವ ಜಾಗದಲ್ಲೂ ಒಳಕೊಳವೆ ಹೋಗಿ ಗುದ್ದಬಾರದು, ಅತಿ ಉದ್ದವಾಗುವ ಜಾಗದಲ್ಲೂ ಕೊಳವೆಯ ಮೂರನೇ ಒಂದು ಭಾಗವಾದರೂ ಒಳಗಿರಬೇಕು. ಗುದ್ದಿದರೆ ಏಟು ಬೀಳುವುದು ಟ್ರ್ಯಾಕ್ಟರಿನ ಬೇರಿಂಗಿಗೆ. ಇದನ್ನು ತಿಳಿದ ಲೇತ್‌ನವರ ಹತ್ತಿರವೇ ಮಾಡಿಸಿದೆ.

ಬ್ಲೇಡು ಬೆಸೆದಂತೆ ಬಿಗಿಯಾಗಿರುವುದು ಬೇಡ, ಬೋಲ್ಟಿನ ಮೇಲೆ ಹಿಂದಕ್ಕೆ ಮಡಚಿಕೊಳ್ಳುವಂಥದ್ದು ಬೇಕು. ಕಲ್ಲೋ ಮೋಟೋ ತಗುಲಿದರೆ ಬ್ಲೇಡು ಹಿಂದೆ ಸರಿದು ಏಟು ತಪ್ಪಿಸಿಕೊಳ್ಳುತ್ತದೆ. ಬ್ಲೇಡು ಹಿಡಿಯುವ ಭಾಗ ಬರೀ ಪಟ್ಟಿಯಾಗಿರದೆ ತಟ್ಟೆಯಂತೆ ದುಂಡಗಿದ್ದರೆ ಮೋಟಿನ ಮೇಲೆ ಜಾರಿಹೋಗುತ್ತದೆ. ತೆಂಗಿನ ತೋಟದಲ್ಲಿ ಉದುರಿದ ಕಾಯಿ, ಮಟ್ಟೆ, ಹೊಂಬಾಳೆ ಸದಾ ಬಿದ್ದಿರುವುದರಿಂದ ದುಂಡು ತಟ್ಟೆಯದನ್ನೇ ಆರಿಸಿದೆ. ಗೇರ್‌ಬಾಕ್ಸಿನ ರಕ್ಷಣೆಗೆ, ಜೋರು ಏಟು ಬಿದ್ದರೆ ತಾನೇ ಮುರಿಯುವ ಶಿಯರ್ ಬೋಲ್ಟ್ ಅಥವಾ ಮುರಿಯದೆ ಜಾರಿಕೊಳ್ಳುವ ಸ್ಲಿಪ್ ಕ್ಲಚ್ ಬರುತ್ತದೆ. ಶಿಯರ್ ಬೋಲ್ಟ್ ಅಗ್ಗ, ಮುರಿದರೆ ಹೊಸದು ಹಾಕಿದರಾಯಿತು. ಆದರೆ ಕಂಪನಿ ಹೇಳಿದ ದರ್ಜೆಯದೇ ಹಾಕಬೇಕು. ಗಟ್ಟಿ ಬೋಲ್ಟ್ ಹಾಕಿದರೆ ಬೋಲ್ಟ್ ಉಳಿದು ಗೇರು ಮುರಿಯುತ್ತದೆ. ಸ್ಲಿಪ್ ಕ್ಲಚ್ಚನ್ನು ಮಳೆಗಾಲ ಪೂರ್ತಿ ಸುಮ್ಮನೆ ನಿಲ್ಲಿಸಿದರೆ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ. ನನ್ನ ತೋಟದಲ್ಲಿ ಕಲ್ಲು ಕಡಿಮೆ, ಶಿಯರ್ ಬೋಲ್ಟೇ ಸಾಕಾಗಿದೆ. ನಾಗಮಂಗಲದ ಕಡೆಯ ಕಲ್ಲು ನೆಲದವರು ಸ್ಲಿಪ್ ಕ್ಲಚ್ಚಿಗೆ ದುಡ್ಡು ಹಾಕುವುದೇ ಒಳ್ಳೆಯದು.

ಮುಂದೆಯೂ ಹಿಂದೆಯೂ ಸರಪಳಿ ಪರದೆ ಇಲ್ಲದ ಸ್ಲ್ಯಾಷರನ್ನು ಪುಕ್ಕಟೆ ಕೊಟ್ಟರೂ ತರಬಾರದು. ಪಿಟಿಒ 540 ಸುತ್ತು, ಗೇರ್‌ಬಾಕ್ಸ್ ಅದನ್ನು 1.6 ಪಟ್ಟು ಮಾಡಿದರೆ ಬ್ಲೇಡು ನಿಮಿಷಕ್ಕೆ 860 ಸುತ್ತಿಗೂ ಹೆಚ್ಚು. ನಾಲ್ಕಡಿ ಅಗಲಕ್ಕೆ ಬ್ಲೇಡಿನ ತುದಿಯ ವೇಗ ಗಂಟೆಗೆ ಸುಮಾರು 200 ಕಿ.ಮೀ. ಆ ವೇಗದಲ್ಲಿ ಸಿಡಿದ ಕಲ್ಲು ಯಾರಿಗೆ ಬಡಿದರೂ ಉಳಿಗಾಲವಿಲ್ಲ. ಗಾಡಿ ಓಡುವಾಗ ಎಳನೀರು ಕೀಳುವವರಾಗಲಿ, ದನ ಮೇಯಿಸುವವರಾಗಲಿ ತೋಟದೊಳಗೆ ಇರಕೂಡದು ಎಂದು ಮನೆಯಲ್ಲಿ ಕಟ್ಟುನಿಟ್ಟು ಮಾಡಿದ್ದೇನೆ. ಹೆಗಲ ಮೇಲಿನ ಟವಲ್, ಲುಂಗಿ, ಸೆರಗು ಇವು ಪಿಟಿಒ ಶಾಫ್ಟಿನ ಹತ್ತಿರ ಸುಳಿಯಲೇಬಾರದು, ಶಾಫ್ಟಿನ ಪ್ಲಾಸ್ಟಿಕ್ ಕವರ್ ಬಿಚ್ಚಲೇಬಾರದು.

ತೂಕದ ಕಡೆಗೂ ಗಮನವಿರಲಿ. ಲಿಫ್ಟು ಎತ್ತುತ್ತದೆ ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ. ಸ್ಲ್ಯಾಷರ್ ಹಿಂದಕ್ಕೆ ಉದ್ದವಾಗಿ ಚಾಚಿಕೊಂಡಿರುತ್ತದೆ, ಎತ್ತಿ ಬದು ಹತ್ತುವಾಗ ಮುಂದಿನ ಚಕ್ರ ಹಗುರವಾಗಿ ಸ್ಟೇರಿಂಗ್ ಕೇಳುವುದಿಲ್ಲ. ಮುಂದೆ ತೂಕದ ಬಿಲ್ಲೆ ಹಾಕಿಸಿಕೊಂಡ ಮೇಲೆ ನನಗೆ ಧೈರ್ಯ ಬಂತು.

ಕೊಳ್ಳುವ ಮುಂಚೆ ಬಾಡಿಗೆಗೆ ತಂದು ಹೊಡೆದು ನೋಡಲು ಆದರೆ ಅದಕ್ಕಿಂತ ಒಳ್ಳೆಯದಿಲ್ಲ. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ವಿಚಾರಿಸಿ. ಸಹಾಯಧನ ಬೇಕಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಮೊದಲೇ ಹೋಗಿ ಪಟ್ಟಿಯಲ್ಲಿ ಯಾವ ಮಾಡೆಲ್ ಇದೆ ಎಂದು ನೋಡಿಕೊಳ್ಳಿ. ರೈತರ ನೋಂದಣಿ ಸಂಖ್ಯೆಯಾದ ಫ್ರೂಟ್ಸ್ ಐಡಿ ಕೈಯಲ್ಲಿರಲಿ. ಅಂಗಡಿಯಲ್ಲಿ ದುಡ್ಡು ಕಟ್ಟಿ ಬಂದ ಮೇಲೆ ಕೇಳಿದರೆ ಆಗುವುದಿಲ್ಲ.

ಹೊಡೆಯುವ ಕ್ರಮ ಸರಳ: ಪಿಟಿಒ ಪೂರ್ತಿ 540ರಲ್ಲಿರಬೇಕು, ಗಾಡಿ ಮಾತ್ರ ಸಣ್ಣ ಗೇರಿನಲ್ಲಿ ನಿಧಾನ ಹೋಗಬೇಕು. ಡ್ರಿಪ್ ಪೈಪನ್ನು ಪಾತಿಯ ಕಡೆಗೆ ಎಳೆದುಕೊಂಡು, ವಾಲ್ವ್ ಇರುವ ಕಡೆ ಬಣ್ಣದ ಗೂಟ ನೆಡುತ್ತೇನೆ. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮುಂಚೆಯೇ ಹೊಡೆಯುತ್ತೇನೆ. ಕತ್ತರಿಸಿದ ಬುಡದಿಂದ ಅದು ಮತ್ತೆ ಕವಲೊಡೆದು ಗಿಡ್ಡವಾಗಿಯೇ ಹೂ ಬಿಡುವುದರಿಂದ, ಬೆನ್ನಿಗೇ ಇನ್ನೊಂದು ಸುತ್ತು ಹೊಡೆಯಲೇಬೇಕು. ಅದರ ಪುಡಿ ಮೈಗೂ ಉಸಿರಿಗೂ ಆಗದು, ಮುಖಕ್ಕೆ ಮಾಸ್ಕ್, ತುಂಬು ತೋಳಿನ ಅಂಗಿ ಇಲ್ಲದೆ ನಾನು ಗಾಡಿ ಹತ್ತುವುದಿಲ್ಲ.

ಬ್ಲೇಡು ಮೊಂಡಾದರೆ ಹುಲ್ಲು ಕತ್ತರಿಸದೆ ಹರಿಯುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ. ಸಾಣೆ ಹಿಡಿಸುವಾಗ ಎಲ್ಲ ಬ್ಲೇಡುಗಳೂ ಒಂದೇ ತೂಕಕ್ಕೆ ಬರಬೇಕು, ಬದಲಿಸುವುದಾದರೂ ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕು. ತೂಕ ಏರುಪೇರಾದರೆ ಇಡೀ ಸ್ಲ್ಯಾಷರ್ ನಡುಗಿ ಮೊದಲು ಗೇರ್‌ಬಾಕ್ಸಿನ ಆಯಿಲ್ ಸೀಲ್ ಹೋಗುತ್ತದೆ, ಆಮೇಲೆ ಬೇರಿಂಗ್. ಬ್ಲೇಡಿನ ಕೆಲಸಕ್ಕೆ ಕೆಳಗೆ ಕೈ ಹಾಕುವ ಮುಂಚೆ ಎಂಜಿನ್ ಆರಿಸಿ, ಕೀ ಜೇಬಿಗೆ ಹಾಕಿಕೊಂಡು, ಲಿಫ್ಟನ್ನು ನಂಬದೆ ನಾಲ್ಕೂ ಮೂಲೆಗೆ ದಪ್ಪ ಮರದ ದಿಮ್ಮಿ ಕೊಡುತ್ತೇನೆ.