ನವೆಂಬರ್ ತಿಂಗಳ ಸಮಾಜ ವಿಜ್ಞಾನ: ನಾನು ಮಾಡಿ ನೋಡಿದ್ದು

ಸೊರಬ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ನವೆಂಬರ್ ಬಂತೆಂದರೆ ನಮಗೆ ಆಚರಣೆಗಳ ಸಾಲು. 1ಕ್ಕೆ ರಾಜ್ಯೋತ್ಸವ, 14ಕ್ಕೆ ಮಕ್ಕಳ ದಿನ, 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ, 26ಕ್ಕೆ ಸಂವಿಧಾನ ದಿನ. ಕನಕ ಜಯಂತಿಯೂ ಹೆಚ್ಚಾಗಿ ಇದೇ ತಿಂಗಳಲ್ಲಿ ಬರುತ್ತದೆ. ಸುತ್ತೋಲೆ ಬರುತ್ತದೆ, ಫೋಟೋಗೆ ಹಾರ ಹಾಕುತ್ತೇವೆ, ಇಬ್ಬರು ಭಾಷಣ ಮಾಡುತ್ತಾರೆ, ಸಿಹಿ ಹಂಚುತ್ತೇವೆ, ಮುಗಿಯಿತು. ನಾನೂ ವರ್ಷಗಟ್ಟಲೆ ಹೀಗೇ ಮಾಡಿದ್ದೇನೆ.

ಒಂದು ವರ್ಷ ವಾಟ್ಸಾಪ್‌ನಲ್ಲಿ ಬಂದ ರಾಜ್ಯೋತ್ಸವದ ಪೋಸ್ಟರನ್ನು ಪ್ರಿಂಟ್ ಹಾಕಿಸಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದೆ. 1956ರಲ್ಲಿ ಕರ್ನಾಟಕ ಎಂದು ಹೆಸರಿಟ್ಟರು ಅಂತ ಅದರಲ್ಲಿತ್ತು. ವಾರ ಕಳೆದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗ ಬಂದು, "ಮೇಡಂ, ಹೆಸರು ಬದಲಾಗಿದ್ದು 1973ರಲ್ಲಿ ಅಲ್ವಾ?" ಎಂದ. ಅವನು ಹೇಳಿದ್ದೇ ಸರಿ. 1956ರ ನವೆಂಬರ್ 1ಕ್ಕೆ ಒಂದಾಗಿದ್ದು ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅಲ್ಲಿಂದ ಮುಂದೆ ಯಾರೋ ತಯಾರು ಮಾಡಿ ಕಳಿಸಿದ್ದನ್ನು ತರಗತಿಗೆ ಒಯ್ಯುವುದನ್ನು ಬಿಟ್ಟೆ, ಮೂಲ ಕಾಗದವೇ ಎಲ್ಲಾದರೂ ಸಿಗುತ್ತದಾ ಅಂತ ಹುಡುಕಲು ಶುರು ಮಾಡಿದೆ.

ಮೊದಮೊದಲು ವಿಡಿಯೋ ತೋರಿಸುತ್ತಿದ್ದೆ. ದೀಕ್ಷಾ ಆ್ಯಪ್ ಇದೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಪಾಠಕ್ಕೆ ತಕ್ಕದ್ದು ತೆರೆದುಕೊಳ್ಳುತ್ತದೆ. ಪುನರಾವರ್ತನೆಗೆ ಅದು ಒಳ್ಳೆಯದೇ. ಆದರೆ ಇಪ್ಪತ್ತು ನಿಮಿಷದ ವಿಡಿಯೋ ನೋಡಿದ ಮಕ್ಕಳನ್ನು ಮಾರನೇ ದಿನ ಕೇಳಿದರೆ ಹಿನ್ನೆಲೆ ಸಂಗೀತ ಬಿಟ್ಟು ಬೇರೇನೂ ನೆನಪಿರಲಿಲ್ಲ. ಕರೆಂಟ್ ಹೋದರೆ ಅದೂ ಇಲ್ಲ. ಈಗ ಇಂಟರ್ನೆಟ್ ನನ್ನ ತಯಾರಿಗೆ ಮಾತ್ರ. ರಾತ್ರಿ ಮನೆಯಲ್ಲಿ ಹುಡುಕಿ ಇಳಿಸಿಕೊಳ್ಳುತ್ತೇನೆ, ಬೆಳಿಗ್ಗೆ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಸುತ್ತೇನೆ. ಮಕ್ಕಳ ಕೈಗೆ ಸಿಗುವುದು ಕಾಗದ, ನಾಲ್ವರಿಗೆ ಒಂದು.

ಸಂವಿಧಾನ ದಿನಕ್ಕೆ ಮಾಡಿದ್ದನ್ನು ಹೇಳುತ್ತೇನೆ. ನಮ್ಮ ಸಂವಿಧಾನದ ಮೂಲ ಪ್ರತಿ ಕೈಬರಹದ್ದು. ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಚಿತ್ರಗಳನ್ನು ಮಾಡಿದ್ದು ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು. ಡೆಹ್ರಾಡೂನಿನಲ್ಲಿ ಸರ್ವೆ ಆಫ್ ಇಂಡಿಯಾದವರು ಅದನ್ನು ಇದ್ದ ಹಾಗೇ ಅಚ್ಚು ಹಾಕಿದರು. ಆ ಪ್ರತಿಯ ಸ್ಕ್ಯಾನ್ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಪೀಠಿಕೆಯ ಒಂದು ಪುಟ ಮಾತ್ರ ಪ್ರಿಂಟ್ ಹಾಕಿಸಿದೆ. ಅದರ ಜೊತೆಗೆ ಈಗಿನ ಪೀಠಿಕೆಯ ಇಂಗ್ಲಿಷ್ ಹಾಳೆಯನ್ನೂ ಕೊಟ್ಟೆ. "ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ, ಏನಾದರೂ ವ್ಯತ್ಯಾಸ ಕಂಡರೆ ಹೇಳಿ" ಅಂದೆ, ಅಷ್ಟೇ.

ನಮ್ಮದು ಕನ್ನಡ ಮಾಧ್ಯಮ, ಆ ಬಳುಕಿದ ಇಂಗ್ಲಿಷ್ ಅಕ್ಷರ ಓದಲು ಮಕ್ಕಳಿಗೆ ಕಷ್ಟವೇ ಆಯಿತು. ಒಬ್ಬೊಬ್ಬರೂ ಬೆರಳಿಟ್ಟು ಅಕ್ಷರ ಕೂಡಿಸುತ್ತಿದ್ದರು. ಹತ್ತು ನಿಮಿಷ ಆದ ಮೇಲೆ ಹಿಂದಿನ ಬೆಂಚಿನಿಂದ ಒಬ್ಬಳು, "ಮೇಡಂ, ಇದರಲ್ಲಿ ಸೋಷಿಯಲಿಸ್ಟ್ ಇಲ್ಲ!" ಎಂದು ಕೂಗಿದಳು. ಇನ್ನೊಬ್ಬ, "ಸೆಕ್ಯುಲರ್ ಕೂಡ ಇಲ್ಲ" ಎಂದ. ಇನ್ನೂ ಒಂದಿದೆ, ಹುಡುಕಿ ಅಂದೆ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಕೊನೆಗೆ ಇಂಟೆಗ್ರಿಟಿ, ಅಂದರೆ ಅಖಂಡತೆ, ಅದೂ ಸಿಕ್ಕಿತು. ಈ ಮೂರೂ ಪದ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ. ತಿದ್ದುಪಡಿ ಅಂದರೇನು, ಯಾರು ಮಾಡುತ್ತಾರೆ, ಆಗ ದೇಶದಲ್ಲಿ ಏನು ನಡೆಯುತ್ತಿತ್ತು ಅಂತ ಮುಂದಿನ ಎರಡು ಪಿರಿಯಡ್ ಅವರೇ ಪ್ರಶ್ನೆ ಕೇಳಿದರು. ಇಷ್ಟು ವರ್ಷ ಬೋರ್ಡಿನ ಮೇಲೆ "42ನೇ ತಿದ್ದುಪಡಿ, 1976" ಅಂತ ಬರೆದು ಬಾಯಿಪಾಠ ಮಾಡಿಸಿದ್ದೆನಲ್ಲ, ಒಂದು ಸಲವೂ ಹೀಗೆ ಆಗಿರಲಿಲ್ಲ.

ಸಂವಿಧಾನ ಸಭೆಯ ಚರ್ಚೆಗಳೂ ಪೂರ್ತಿ ಸಿಗುತ್ತವೆ. ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್‌ನವರ ಕಾನ್‌ಸ್ಟಿಟ್ಯೂಷನ್ ಆಫ್ ಇಂಡಿಯಾ ಡಾಟ್ ನೆಟ್‌ನಲ್ಲಿ ಯಾವ ಸದಸ್ಯರು ಯಾವ ದಿನ ಏನು ಮಾತಾಡಿದರು ಅಂತ ಹುಡುಕಬಹುದು. ಇಂಗ್ಲಿಷಿನಲ್ಲಿದೆ, ಹಾಗಾಗಿ ಬೇಕಾದ ಹತ್ತು ಸಾಲನ್ನು ನಾನೇ ಕನ್ನಡಕ್ಕೆ ಮಾಡಿಕೊಳ್ಳುತ್ತೇನೆ. ನನ್ನ ಮಕ್ಕಳಿಗೆ ತುಂಬಾ ಹಿಡಿಸಿದ್ದು ಕೆ. ಹನುಮಂತಯ್ಯನವರು 1949ರ ನವೆಂಬರ್ 17ರಂದು ಆಡಿದ ಮಾತು. ನಮಗೆ ವೀಣೆಯದೋ ಸಿತಾರಿನದೋ ನಾದ ಬೇಕಿತ್ತು, ಈ ಸಂವಿಧಾನದಲ್ಲಿ ಕೇಳುತ್ತಿರುವುದು ಇಂಗ್ಲಿಷ್ ಬ್ಯಾಂಡಿನ ಸಂಗೀತ ಅಂತ ಅವರು ನೇರವಾಗಿ ಹೇಳಿದ್ದರು. ಅಷ್ಟು ಹೇಳಿದವರೂ ಸಭೆಯ ಒಳಗೇ ಇದ್ದರು, ಯಾರೂ ಅವರ ಬಾಯಿ ಮುಚ್ಚಿಸಲಿಲ್ಲ! ವಿಧಾನಸೌಧ ಕಟ್ಟಿಸಿದವರು ಇವರೇ ಅಂದಾಗ ಮಕ್ಕಳಿಗೆ ಇನ್ನೂ ಹತ್ತಿರ ಅನಿಸಿತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಮಂಗಳೂರಿನಲ್ಲಿ ಹುಟ್ಟಿದವರು. ಎಸ್. ನಿಜಲಿಂಗಪ್ಪನವರೂ ಆ ಸಭೆಯ ಸದಸ್ಯರಾಗಿದ್ದವರು. ಎಲ್ಲೋ ದೆಹಲಿಯಲ್ಲಿ ಆದದ್ದು ಎಂಬ ದೂರ ಹೋಗಬೇಕಾದರೆ ಇಂಥ ಹೆಸರುಗಳು ಬೇಕು.

ಪರಂಪರೆ ಸಪ್ತಾಹದ ವಿಷಯಕ್ಕೆ ಬರುತ್ತೇನೆ. ವಿಶ್ವ ಪರಂಪರೆ ದಿನ ಏಪ್ರಿಲ್ 18ಕ್ಕೆ, ಆಗ ನಮಗೆ ಬೇಸಿಗೆ ರಜೆ. ಅದಕ್ಕೇ ನವೆಂಬರಿನ ಸಪ್ತಾಹವನ್ನು ಹಿಡಿದುಕೊಂಡೆ. ಹಂಪಿ, ಪಟ್ಟದಕಲ್ಲು, 2023ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡು, ಸೋಮನಾಥಪುರ ಇವುಗಳ ಚಿತ್ರ ತೋರಿಸುವುದು ಸುಲಭ. ಆದರೆ ನಮ್ಮೂರ ಕೆರೆ ಏರಿ ಹತ್ತಿರವೇ ಒಂದು ವೀರಗಲ್ಲು ಇದೆ, ಅದಕ್ಕೆ ಎಮ್ಮೆ ಕಟ್ಟುತ್ತಿದ್ದರು. ಅದನ್ನು ಬಿಟ್ಟು ಹಳೇಬೀಡಿನ ಫೋಟೋ ತೋರಿಸಲು ಮನಸ್ಸು ಬರಲಿಲ್ಲ.

ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ, ಅಂದರೆ ನಮ್ಮ ಕಡೆಯ ಶಾಸನಗಳ ಸಂಗ್ರಹ, ಅದರ ಸಂಪುಟಗಳು ಆರ್ಕೈವ್ ಡಾಟ್ ಆರ್ಗ್‌ನಲ್ಲಿವೆ. ನಮ್ಮ ಸೊರಬದ ಶಾಸನಗಳು 8ನೇ ಸಂಪುಟದಲ್ಲಿ, ಸಾಗರದ ಜೊತೆ. ನಿಮ್ಮದು ಹಾಸನವಾದರೆ 5, ಕೋಲಾರವಾದರೆ 10, ತುಮಕೂರಾದರೆ 12. ತಾಲ್ಲೂಕಿನ ಪ್ರಕಾರ ನಂಬರ್ ಹಾಕಿದ್ದಾರೆ, ಊರಿನ ಹೆಸರೂ ಕೊಟ್ಟಿದ್ದಾರೆ. ಊರ ಹೆಸರನ್ನು ಹಳೇ ಇಂಗ್ಲಿಷ್ ಕಾಗುಣಿತದಲ್ಲಿ ಬರೆದಿರುವುದರಿಂದ ಎರಡು ಮೂರು ರೀತಿ ಹುಡುಕಿ ನೋಡಬೇಕು. ನನಗೆ ಎರಡು ಸಂಜೆ ಹಿಡಿಯಿತು. ನಮ್ಮೂರಿನ ಕಲ್ಲು ಸಿಕ್ಕಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ, ನೂರು ವರ್ಷಕ್ಕೂ ಹಿಂದೆ ಯಾರೋ ಆ ಕೆರೆ ಏರಿಗೆ ಬಂದು ಅಕ್ಷರ ಅಕ್ಷರ ಬರೆದುಕೊಂಡು ಹೋಗಿದ್ದಾರಲ್ಲ ಅಂತ.

ಸಂಪುಟದಲ್ಲಿ ಇಂಗ್ಲಿಷ್ ಅನುವಾದದ ಜೊತೆ ಕನ್ನಡ ಲಿಪಿಯ ಪಾಠವೂ ಇದೆ. ಅದರ ಜೆರಾಕ್ಸ್ ಹಿಡಿದು ಸಂಜೆ ಐದಕ್ಕೆ ಮಕ್ಕಳ ಜೊತೆ ಹೋದೆವು. ಕಲ್ಲಿನ ಮೇಲೆ ಸುಣ್ಣ, ಮೈದಾ, ಎಣ್ಣೆ ಏನೂ ಹಾಕಬೇಡಿ, ದಯವಿಟ್ಟು. ಮೊಬೈಲ್ ಟಾರ್ಚನ್ನು ಕಲ್ಲಿಗೆ ಒತ್ತಿ ಪಕ್ಕದಿಂದ ಹಿಡಿದರೆ ಸಾಕು, ಸವೆದ ಅಕ್ಷರವೂ ನೆರಳಿನಲ್ಲಿ ಎದ್ದು ಕಾಣುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ದನಗಳು. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗ, ಅದರ ಮೇಲೆ ಸೂರ್ಯ ಚಂದ್ರ. ಹಾಳೆಯಲ್ಲಿ "ತುರು" ಎಂಬ ಪದ ನೋಡಿ ತಲೆ ಕೆರೆದುಕೊಂಡ ಹುಡುಗನೊಬ್ಬ ಕಲ್ಲಿನ ಮೇಲಿನ ದನ ನೋಡಿ, "ತುರು ಅಂದ್ರೆ ಆಕಳು ಅಲ್ವಾ ಮೇಡಂ?" ಎಂದ. ಅವನ ಮನೆಯಲ್ಲಿ ಆರು ದನ ಇವೆ. ದನ ಕದಿಯಲು ಬಂದವರ ಜೊತೆ ಕಾದಿ ಸತ್ತವನ ಕಲ್ಲು ಅದು. "ಕಾದಿ" ಅಂದರೆ ಹೋರಾಡಿ ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ, ಕಾದಾಟ ಎಂಬ ಮಾತು ಅವರಿಗೆ ಗೊತ್ತೇ ಇದೆ. ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ಱ ಅಕ್ಷರ ನೋಡಿ ಅರ್ಧ ಗಂಟೆ ಅದನ್ನೇ ನೆಲದ ಮೇಲೆ ತಿದ್ದಿದರು.

ಮಾಡಲು ಹೊರಟವರಿಗೆ ಒಂದೆರಡು ಮಾತು. ಫೈಲುಗಳು ದೊಡ್ಡವು, ಮನೆಯಲ್ಲೇ ಇಳಿಸಿಕೊಳ್ಳಿ. ಒಂದು ಪಿರಿಯಡ್‌ಗೆ ಒಂದೇ ಪುಟ ಸಾಕು, ಜಾಸ್ತಿ ಕೊಟ್ಟರೆ ಯಾರೂ ಓದುವುದಿಲ್ಲ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಪ್ರವಾಸದ ಲೆಕ್ಕ ಹಾಕುವಾಗ ಇದು ನೆನಪಿರಲಿ. ಬೆಂಗಳೂರಿನ ಸುತ್ತಮುತ್ತ ಇರುವವರು ಇತಿಹಾಸ ಅಧ್ಯಯನದ ಸಂಸ್ಥೆಯಾದ ಮಿಥಿಕ್ ಸೊಸೈಟಿಯವರು ಮಾಡಿರುವ ಶಾಸನಗಳ 3ಡಿ ಸ್ಕ್ಯಾನ್ ನೋಡಲೇಬೇಕು.

ಆ ವರ್ಷ ಪಂಚಾಯ್ತಿಯ ಮಕ್ಕಳ ಗ್ರಾಮಸಭೆಯಲ್ಲಿ ನಮ್ಮ ಮಕ್ಕಳು ವೀರಗಲ್ಲಿನ ಬಗ್ಗೆ ಅರ್ಜಿ ಕೊಟ್ಟರು. ಪರಂಪರೆ ಕಾಪಾಡುವುದು ಸಂವಿಧಾನದ 51ಎ ವಿಧಿಯ ಪ್ರಕಾರ ನಮ್ಮ ಕರ್ತವ್ಯ ಅಂತ ಬರೆದಿದ್ದರು, ಅದೂ 42ನೇ ತಿದ್ದುಪಡಿಯಲ್ಲೇ ಬಂದದ್ದು ಅಂತ ಕೆಳಗೆ ಸೇರಿಸಿದ್ದರು. ಈಗ ಎಮ್ಮೆಯ ಗೂಟ ಹತ್ತಡಿ ಆಚೆ ಹೋಗಿದೆ. ಕಲ್ಲಿನ ಬಲಬದಿಯ ಎರಡು ಸಾಲು ಮಾತ್ರ ಓದಲು ಬಂದಿಲ್ಲ, ರೈಸ್ ಪುಸ್ತಕದಲ್ಲೂ ಅಲ್ಲಿ ಬರೀ ಚುಕ್ಕಿಗಳಿವೆ. ಮಳೆ ನಿಂತ ಮೇಲೆ ಇನ್ನೊಂದು ಸಲ ಟಾರ್ಚ್ ಹಿಡಿದು ಹೋಗೋಣ ಅಂತ ಮಕ್ಕಳು ಕೇಳುತ್ತಿದ್ದಾರೆ.