ಸಿಪಿಯು ಓಟ ಹೆಚ್ಚಿಸುವ ಮುಂಚೆ ಅದರ ಬಿಸಿ ಇಳಿಸಿ

ಬೆಂಗಳೂರಿನ ಎಸ್‌.ಪಿ. ರಸ್ತೆ ಸುತ್ತಿ ಪಾರ್ಟ್ಸ್ ತಂದು ಮನೆಯಲ್ಲೇ ಪಿಸಿ ಜೋಡಿಸಿಕೊಂಡವರಿಗೆ ಸ್ವಲ್ಪ ದಿನ ಕಳೆಯುತ್ತಿದ್ದಂತೆ ಒಂದು ಆಸೆ ಹುಟ್ಟುತ್ತದೆ. ಇದನ್ನು ಇನ್ನೂ ಜೋರಾಗಿ ಓಡಿಸಬಹುದಾ? ಓಡಿಸಬಹುದು. ಕಂಪನಿ ನಿಗದಿ ಮಾಡಿದ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಸಿಪಿಯು ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಅನ್ನುತ್ತಾರೆ. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ: ಮೊದಲು ವೇಗ ಏರಿಸುತ್ತಾರೆ, ಆಮೇಲೆ ಬಿಸಿ ನೋಡಿ ಕೂಲರ್ ಹುಡುಕಿಕೊಂಡು ಹೋಗುತ್ತಾರೆ. ಇಲ್ಲಿ ಆ ಕೆಲಸವನ್ನೇ ಉಲ್ಟಾ ಮಾಡೋಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬಾರದು. 1998ರಲ್ಲಿ ಇಂಟೆಲ್‌ನ ಸೆಲೆರಾನ್ 300ಎ ಅನ್ನೋ ಅಗ್ಗದ ಸಿಪಿಯು ಬಂದಿತ್ತು. ಅದರ ಬಸ್ (ಸಿಪಿಯು ಬೋರ್ಡ್ ಜತೆ ಮಾತಾಡುವ ದಾರಿ) ವೇಗವನ್ನು 66ರಿಂದ 100 ಮೆಗಾಹರ್ಟ್ಜ್‌ಗೆ ಏರಿಸಿದರೆ 300 ಮೆಗಾಹರ್ಟ್ಜ್‌ನ ಚಿಪ್ 450ರಲ್ಲಿ ಓಡುತ್ತಿತ್ತು. ಒಂದೂವರೆ ಪಟ್ಟು, ಪುಕ್ಕಟೆ! ಆ ಕಾಲ ಮುಗಿಯಿತು. ಈಗಿನ ಸಿಪಿಯುಗಳು ಬಿಸಿ, ಕರೆಂಟು ಎಲ್ಲ ನೋಡಿಕೊಂಡು ತಾವೇ ವೇಗ ಏರಿಸಿಕೊಳ್ಳುತ್ತವೆ. ಕಬ್ಬಿನ ಗಾಣದಿಂದ ಎರಡು ಸಲ ಹಾದು ಬಂದ ಜಲ್ಲೆಯನ್ನು ನಾವು ಮೂರನೇ ಸಲ ಹಿಂಡಬೇಕು. ರಸ ಬರುತ್ತದೆ, ಆದರೆ ಸ್ವಲ್ಪವೇ. ವಿಡಿಯೊ ರೆಂಡರ್, ದೊಡ್ಡ ಫೈಲ್ ಜಿಪ್ ಮಾಡುವುದು ಇಂಥ ಕೆಲಸಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಗೇಮ್‌ಗಳಲ್ಲಿ ಬಹಳ ಸಲ ಗ್ರಾಫಿಕ್ಸ್ ಕಾರ್ಡೇ ಯಜಮಾನ.

ಉದಾಹರಣೆಗೆ ಎಎಂಡಿಯ ರೈಜನ್ 5 5600 ಇಟ್ಟುಕೊಳ್ಳೋಣ. 2022ರಲ್ಲಿ ಬಂದದ್ದು. ಆರು ಕೋರ್ (ಚಿಪ್ ಒಳಗೆ ಲೆಕ್ಕ ಮಾಡುವ ಘಟಕ), ಮೂಲ ವೇಗ 3.5 ಗಿಗಾಹರ್ಟ್ಜ್, ಬೂಸ್ಟ್ ಆದಾಗ, ಅಂದರೆ ತಾನೇ ವೇಗ ಏರಿಸಿಕೊಂಡಾಗ, 4.4.

ನಿಮ್ಮ ಮೆಷಿನ್‌ನಲ್ಲಿ ಆಗುತ್ತದಾ?

ರೈಜನ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲಕ್ಕೂ ಬೀಗ ತೆಗೆದಿರುತ್ತದೆ. ಆದರೆ ಮದರ್‌ಬೋರ್ಡ್ ಕೂಡ ಅದಕ್ಕೆ ಅವಕಾಶ ಕೊಡಬೇಕು. 5600 ಕೂರುವ ಬೋರ್ಡ್‌ನ ಹೆಸರಿನಲ್ಲಿ ಬಿ450, ಬಿ550, ಎಕ್ಸ್570 ಇದ್ದರೆ ಸರಿ. ಎ320, ಎ520 ಇದ್ದರೆ ಸಿಪಿಯು ವೇಗದ ಆಸೆ ಬಿಡಿ. ಇಂಟೆಲ್‌ನಲ್ಲಿ ಸಿಪಿಯು ಹೆಸರಿನ ಕೊನೆಗೆ ‘ಕೆ’ ಅಕ್ಷರ ಇರಬೇಕು, ಬೋರ್ಡ್ ‘ಝಡ್’ ಸರಣಿಯದಾಗಿರಬೇಕು. ಲ್ಯಾಪ್‌ಟಾಪ್‌ನವರು ಈ ಸಾಹಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಅಷ್ಟು ತೆಳು ಡಬ್ಬದಲ್ಲಿ ಬಿಸಿ ಹೋಗುವುದಾದರೂ ಎಲ್ಲಿಗೆ?

ಇನ್ನು ವಾರಂಟಿ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ, ಬೋರ್ಡ್‌ನ ಸೆಟ್ಟಿಂಗ್ ಪರದೆ) ಆಯ್ಕೆ ಕೊಟ್ಟಿದ್ದಾರೆ ಅಂದಮಾತ್ರಕ್ಕೆ ಕಂಪನಿ ಹೊಣೆ ಹೊರುತ್ತದೆ ಅಂತಲ್ಲ. ಓವರ್‌ಕ್ಲಾಕಿಂಗ್‌ನಿಂದ ಚಿಪ್ ಹಾಳಾದರೆ ಎಎಂಡಿ ವಾರಂಟಿ ಅದಕ್ಕೆ ಅನ್ವಯಿಸುವುದಿಲ್ಲ. ಹೆಸರಿಲ್ಲದ ಅಗ್ಗದ ಎಸ್‌ಎಂಪಿಎಸ್ (ಪಿಸಿಗೆ ಕರೆಂಟು ಕೊಡುವ ಪೆಟ್ಟಿಗೆ) ಹಾಕಿಕೊಂಡಿದ್ದರೆ ಮೊದಲು ಅದನ್ನು ಬದಲಿಸಿ, ಉಳಿದದ್ದು ಆಮೇಲೆ.

ಹೆಜ್ಜೆ 1: ಈಗಿನ ಸ್ಥಿತಿ ಬರೆದಿಟ್ಟುಕೊಳ್ಳಿ

ಎಚ್‌ಡಬ್ಲ್ಯುಇನ್ಫೊ ಅನ್ನೋ ತಂತ್ರಾಂಶ ಉಚಿತ. ಸಿಪಿಯು ಎಷ್ಟು ಬಿಸಿ, ಎಷ್ಟು ವೇಗ, ಎಷ್ಟು ವ್ಯಾಟ್ ಅಂತ ತೋರಿಸುತ್ತದೆ. ಸಿನಿಬೆಂಚ್ ಆರ್23 ಕೂಡ ಉಚಿತ, ಎಲ್ಲ ಕೋರ್‌ಗಳಿಗೂ ಹತ್ತು ನಿಮಿಷ ಬಿಡದೆ ಕೆಲಸ ಕೊಡುತ್ತದೆ. ಎರಡನ್ನೂ ಒಟ್ಟಿಗೆ ಓಡಿಸಿ. ಅತಿ ಹೆಚ್ಚು ಬಿಸಿ, ಎಲ್ಲ ಕೋರ್ ದುಡಿಯುವಾಗಿನ ವೇಗ, ಕೊನೆಯ ಅಂಕ ಈ ಮೂರನ್ನು ಕಾಗದದ ಮೇಲೆ ಬರೆಯಿರಿ. ಪಕ್ಕದಲ್ಲಿ ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಇದನ್ನು ಬರೆಯುವವರು ಕಡಿಮೆ, ಆದರೆ ಮುಖ್ಯವಾದದ್ದು ಇದೇ.

ಯಾಕೆಂದರೆ ಫ್ಯಾನ್ ಆಗಲಿ, ನೀರಿನ ಕೂಲರ್ ಆಗಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ 25 ಡಿಗ್ರಿ ಇದ್ದಾಗ ಸಿಪಿಯು 70 ಮುಟ್ಟಿತು ಅಂದುಕೊಳ್ಳಿ, ಅಂದರೆ ಅಂತರ 45. ಅದೇ ಕೆಲಸ, ಅದೇ ಫ್ಯಾನ್ ವೇಗ, ಕೋಣೆ 38 ಡಿಗ್ರಿ ಆದರೆ ಸಿಪಿಯು ಹತ್ತಿರಹತ್ತಿರ 83. ಜನವರಿಯ ಬೆಂಗಳೂರಿನಲ್ಲಿ ಆರಾಮಾಗಿದ್ದ ಸೆಟ್ಟಿಂಗ್ ಏಪ್ರಿಲ್‌ನ ಕಲಬುರಗಿಯಲ್ಲಿ ಏದುಸಿರು ಬಿಡುವುದು ಇದಕ್ಕೇ. 5600ರ ಮಿತಿ 90 ಡಿಗ್ರಿ. ಅಲ್ಲಿಗೆ ಮುಟ್ಟಿದರೆ ಸುಟ್ಟುಹೋಗುವುದಿಲ್ಲ, ತಾನೇ ವೇಗ ಇಳಿಸಿಕೊಳ್ಳುತ್ತದೆ. ನೀವು ಕಷ್ಟಪಟ್ಟು ಏರಿಸಿದ್ದನ್ನು ಅದು ಸುಮ್ನೆ ಕೆಳಗಿಳಿಸುತ್ತದೆ, ಅಷ್ಟೇ.

ಹೆಜ್ಜೆ 2: ಕಾಸಿಲ್ಲದ ಪರೀಕ್ಷೆ

ಕೂಲರ್ ಕೊಳ್ಳುವ ಮುಂಚೆ ಕ್ಯಾಬಿನೆಟ್‌ನ ಪಕ್ಕದ ಬಾಗಿಲು ತೆಗೆದು ಅದೇ ಸಿನಿಬೆಂಚ್ ಮತ್ತೆ ಓಡಿಸಿ. ಬಿಸಿ ಐದಾರು ಡಿಗ್ರಿ ಇಳಿಯಿತಾ? ಹಾಗಾದರೆ ತಪ್ಪು ಕೂಲರ್‌ನದಲ್ಲ, ಗಾಳಿ ಆಡದ ಕ್ಯಾಬಿನೆಟ್‌ನದು. ಮುಂಭಾಗ ಪೂರ್ತಿ ಗಾಜು ಮುಚ್ಚಿ ಬಣ್ಣದ ದೀಪ ಹಾಕಿದ ಕ್ಯಾಬಿನೆಟ್‌ಗಳಲ್ಲಿ ಈ ಕಾಯಿಲೆ ಜಾಸ್ತಿ. ನೋಡೋಕೆ ಚೆಂದ, ಉಸಿರಾಡೋಕೆ ಕಷ್ಟ. ಮುಂದಿನ ಫ್ಯಾನ್ ಗಾಳಿ ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು. ಫ್ಯಾನ್‌ನ ಚೌಕಟ್ಟಿನ ಅಡ್ಡಪಟ್ಟಿಗಳು ಯಾವ ಕಡೆ ಇವೆಯೋ ಗಾಳಿ ಆ ಕಡೆಗೆ ಹೋಗುತ್ತದೆ.

ಧೂಳು ಹೊಡೆಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಬ್ಲೋವರ್ ಗಾಳಿಗೆ ಅದು ಬುಗುರಿ ಥರ ತಿರುಗಿದರೆ ಬೇರಿಂಗ್ ಹಾಳಾಗಬಹುದು.

ಹೆಜ್ಜೆ 3: ಯಾವ ಕೂಲರ್?

5600ರ ಜತೆ ಬರುವ ರೈತ್ ಸ್ಟೆಲ್ತ್ ಒಂದು ಅಲ್ಯೂಮಿನಿಯಂ ಗಟ್ಟಿ, ಅದರ ಮೇಲೊಂದು ಫ್ಯಾನ್. ದಿನದ ಕೆಲಸಕ್ಕೆ ಸಾಕು, ಓವರ್‌ಕ್ಲಾಕಿಂಗ್‌ಗೆ ಸಾಲದು. ಅದರ ಮುಂದಿನ ಮೆಟ್ಟಿಲು ಟವರ್ ಕೂಲರ್: ತಾಮ್ರದ ನಾಲ್ಕು ಕೊಳವೆ, ಅವಕ್ಕೆ ಪೋಣಿಸಿದ ತೆಳು ತಗಡುಗಳು, ಪಕ್ಕದಲ್ಲಿ 120 ಮಿಲಿಮೀಟರ್ ಫ್ಯಾನ್. ಕೂಲರ್ ಮಾಸ್ಟರ್‌ನ ಹೈಪರ್ 212, ಡೀಪ್‌ಕೂಲ್‌ನ ಎಕೆ400 ಈ ಜಾತಿಯವು.

ಆ ಕೊಳವೆ ಒಳಗೆ ಏನಿದೆ ಗೊತ್ತಾ? ಸ್ವಲ್ಪವೇ ಸ್ವಲ್ಪ ದ್ರವ, ಸಾಮಾನ್ಯವಾಗಿ ನೀರು. ಒಳಗಿನ ಒತ್ತಡ ಕಡಿಮೆ ಇರುವುದರಿಂದ ಅದು 100 ಡಿಗ್ರಿ ಆಗುವವರೆಗೆ ಕಾಯದೆ ಆವಿಯಾಗುತ್ತದೆ. ಆವಿ ತಗಡುಗಳ ಕಡೆ ಹೋಗಿ ಬಿಸಿ ಬಿಟ್ಟು ಮತ್ತೆ ಹನಿಯಾಗುತ್ತದೆ, ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಆಗುತ್ತದಲ್ಲ, ಹಾಗೇ. ದೀಪದ ಬತ್ತಿ ಎಣ್ಣೆ ಎಳೆದಂತೆ ಕೊಳವೆಯ ಒಳಗೋಡೆ ಆ ಹನಿಯನ್ನು ವಾಪಸ್ ಬಿಸಿ ತುದಿಗೆ ಎಳೆದುಕೊಳ್ಳುತ್ತದೆ. ಪಂಪಿಲ್ಲ, ಸದ್ದಿಲ್ಲ.

ಕೊಳ್ಳುವ ಮುಂಚೆ ಎತ್ತರ ನೋಡಿ. ಎಕೆ400ರ ಎತ್ತರ 155 ಮಿಲಿಮೀಟರ್. ಕ್ಯಾಬಿನೆಟ್ ಅಷ್ಟು ಎತ್ತರದ ಕೂಲರ್ ಹಿಡಿಸದಿದ್ದರೆ ಬಾಗಿಲು ಮುಚ್ಚುವುದಿಲ್ಲ. ರ‍್ಯಾಮ್ ಮೇಲೆ ಎತ್ತರದ ಅಲಂಕಾರ ಇದ್ದರೆ ಫ್ಯಾನ್‌ಗೆ ಅಡ್ಡ ಬರುತ್ತದಾ ಅಂತಲೂ ಅಳೆದುಕೊಳ್ಳಿ.

ನೀರಿನ ಕೂಲರ್ ಬೇಡವಾ ಅಂತ ಕೇಳುತ್ತೀರಿ. ಆರು ಕೋರ್‌ಗೆ ಬೇಡ ಅಂತಲೇ ನನ್ನ ಅಭಿಪ್ರಾಯ. ಇಂಟೆಲ್ ಐ9 ಅಥವಾ 16 ಕೋರ್‌ನ ರೈಜನ್ ಇದ್ದವರಿಗೆ 240 ಇಲ್ಲವೇ 360 ಮಿಲಿಮೀಟರ್ ರೇಡಿಯೇಟರ್‌ನಿಂದ ಉಪಯೋಗವಿದೆ. ಟವರ್‌ನಲ್ಲಿ ಕೆಡಬಹುದಾದದ್ದು ಫ್ಯಾನ್ ಒಂದೇ, ಹೊಸದು ಹಾಕಿದರೆ ಮುಗಿಯಿತು. ನೀರಿನದರಲ್ಲಿ ಪಂಪ್ ಕೆಟ್ಟರೆ ಇಡೀ ಕೂಲರೇ ಮೂಲೆಗೆ. ಹಾಕಿಸುವುದೇ ಆದರೆ ಪಂಪ್ ಇರುವ ಭಾಗ ರೇಡಿಯೇಟರ್‌ಗಿಂತ ಮೇಲೆ ಬರದ ಹಾಗೆ ನೋಡಿಕೊಳ್ಳಿ, ಗಾಳಿಗುಳ್ಳೆ ಅಲ್ಲಿ ಸೇರಿದರೆ ಗೊರಗೊರ ಸದ್ದು ಶುರು.

ಹೆಜ್ಜೆ 4: ಹಳೆಯದು ಬಿಚ್ಚುವಾಗ ಹುಷಾರು

ಇಲ್ಲಿ ನಾನು ಒಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ. 5600 ಥರ ಎಎಂ4 ಸಾಕೆಟ್‌ನ (ಬೋರ್ಡ್‌ನಲ್ಲಿ ಚಿಪ್ ಕೂರುವ ಜಾಗ) ರೈಜನ್‌ನಲ್ಲಿ ಪಿನ್‌ಗಳು ಇರುವುದು ಚಿಪ್‌ನ ಹೊಟ್ಟೆ ಕೆಳಗೆ, ಒಟ್ಟು 1331. ಚಿಪ್ ಮತ್ತು ಕೂಲರ್ ನಡುವೆ ಹಚ್ಚಿದ ಹಳೇ ಥರ್ಮಲ್ ಪೇಸ್ಟ್ ಒಣಗಿ ಅಂಟಿನಂತಾಗಿರುತ್ತದೆ. ನಾನು ಸ್ಕ್ರೂ ತೆಗೆದವನೇ ಕೂಲರನ್ನು ನೇರ ಮೇಲಕ್ಕೆ ಎಳೆದೆ. ‘ಟಪ್’ ಅಂತ ಸದ್ದು. ಕೂಲರ್‌ಗೆ ಅಂಟಿಕೊಂಡೇ ಚಿಪ್ ಹೊರಬಂದಿತ್ತು, ಸಾಕೆಟ್‌ನ ಚಿಲಕ ಹಾಕಿದ ಹಾಗೇ ಇತ್ತು! ಮೂಲೆಯ ಮೂರು ಪಿನ್ ಮಲಗಿದ್ದವು. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲ್ ತುದಿಯನ್ನು ಒಂದೊಂದು ಪಿನ್‌ಗೂ ತೊಡಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡುವಷ್ಟರಲ್ಲಿ ರಾತ್ರಿ ಊಟದ ಹೊತ್ತು ಮೀರಿತ್ತು.

ಆದ್ದರಿಂದ ಹೀಗೆ ಮಾಡಿ. ಬಿಚ್ಚುವ ಮುಂಚೆ ಪಿಸಿಯಲ್ಲಿ ಹತ್ತು ನಿಮಿಷ ಸಿನಿಬೆಂಚ್ ಓಡಿಸಿ, ಪೇಸ್ಟ್ ಮೆತ್ತಗಾಗಲಿ. ಆಫ್ ಮಾಡಿ, ಪ್ಲಗ್ ತೆಗೆಯಿರಿ. ಸ್ಕ್ರೂ ಸಡಿಲಿಸಿ, ಕೂಲರನ್ನು ಬಾಟಲಿ ಮುಚ್ಚಳ ತಿರುಗಿಸುವಂತೆ ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಗಿಸಿ. ಜಾರಿತು ಅನ್ನಿಸಿದ ಮೇಲೆ ಮಾತ್ರ ಎತ್ತಿ. ಬೋರ್ಡ್ ಹಿಂದಿನ ಲೋಹದ ಪಟ್ಟಿಯನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಿ, ಸ್ಕ್ರೂ ಬಿಟ್ಟ ಕೂಡಲೇ ಅದು ಕೆಳಗೆ ಬೀಳುತ್ತದೆ.

ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಟಿಶ್ಯೂನಿಂದ ಒರೆಸಿ. ಹೊಸ ಪೇಸ್ಟ್ ಚಿಪ್‌ನ ನಡುವೆ ಒಂದು ಬಟಾಣಿಗಿಂತ ಚಿಕ್ಕ ಚುಕ್ಕೆಯಷ್ಟು ಸಾಕು. ಚಟ್ನಿಪುಡಿ ದೋಸೆಗೆ ತುಪ್ಪ ಸುರಿದ ಹಾಗೆ ಸುರಿಯಬೇಡಿ. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಸಂದು ತುಂಬುವುದಷ್ಟೇ ಅದರ ಕೆಲಸ. ಹೊಸ ಕೂಲರ್‌ನ ತಳಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ, ಅದನ್ನು ಕಿತ್ತು ಹಾಕಿ. ನಗಬೇಡಿ, ಕೀಳದೆ ಕೂರಿಸಿ ‘ಹೊಸ ಕೂಲರೇ ಸರಿ ಇಲ್ಲ’ ಅಂದವರು ಬೇಕಾದಷ್ಟು ಜನ. ಸ್ಕ್ರೂಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಬಿಗಿಯುತ್ತ ಹೋಗಿ. ಫ್ಯಾನ್ ವೈರನ್ನು ಬೋರ್ಡ್‌ನಲ್ಲಿ ಸಿಪಿಯು ಫ್ಯಾನ್ ಅಂತ ಬರೆದಿರುವ ಜಾಗಕ್ಕೇ ಚುಚ್ಚಿ.

ಈಗ ಮತ್ತೆ ಸಿನಿಬೆಂಚ್. ಬಿಸಿ ಇಳಿದ ಕಾರಣಕ್ಕೇ ಅಂಕ ಸ್ವಲ್ಪ ಏರಿರಬಹುದು, ನೀವಿನ್ನೂ ಬಯಾಸ್ ಮುಟ್ಟಿಯೂ ಇಲ್ಲ.

ಹೆಜ್ಜೆ 5: ರ‍್ಯಾಮ್ ಎಷ್ಟರಲ್ಲಿ ಓಡುತ್ತಿದೆ?

ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ವೇಗ ನೋಡಿ. 3200ರ ರ‍್ಯಾಮ್‌ಗೆ ದುಡ್ಡು ಕೊಟ್ಟು ಅದನ್ನು 2133ರಲ್ಲೋ 2666ರಲ್ಲೋ ಓಡಿಸುತ್ತಿರುವವರು ತುಂಬ ಇದ್ದಾರೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಡಿಒಸಿಪಿ ಅಂತ ಇರುವುದನ್ನು ಆನ್ ಮಾಡಿ, ಆಗ ಅದು ದುಡ್ಡು ಕೊಟ್ಟ ವೇಗದಲ್ಲೇ ಓಡುತ್ತದೆ. ರೈಜನ್‌ನಲ್ಲಿ ಚಿಪ್‌ನ ಒಳಗಿನ ಸಂಪರ್ಕದ ವೇಗವೂ ರ‍್ಯಾಮ್ ಜತೆಗೇ ಏರುವುದರಿಂದ ಗೇಮ್‌ಗಳಲ್ಲಿ ಇದರ ಫಲ ಚೆನ್ನಾಗಿ ಕಾಣುತ್ತದೆ.

ಹೆಜ್ಜೆ 6: ಏರಿಸುವುದಕ್ಕೆ ಮುಂಚೆ ಇಳಿಸಿ

ಇಷ್ಟಾದ ಮೇಲೆ ವೇಗ. ಹಳೇ ವಿಧಾನದಲ್ಲಿ ಮಲ್ಟಿಪ್ಲೈಯರ್ ಏರಿಸುತ್ತಾರೆ. ಮೂಲ ಗಡಿಯಾರ 100 ಮೆಗಾಹರ್ಟ್ಜ್. 42ರಿಂದ ಗುಣಿಸಿದರೆ 4.2 ಗಿಗಾಹರ್ಟ್ಜ್, 46ರಿಂದ ಗುಣಿಸಿದರೆ 4.6. ಅಷ್ಟು ವೇಗಕ್ಕೆ ಚಿಪ್ ತಡೆದುಕೊಳ್ಳಬೇಕಾದರೆ ವೋಲ್ಟೇಜ್ ಏರಿಸಬೇಕು. ತೊಂದರೆ ಇರುವುದೇ ಅಲ್ಲಿ. ವಿದ್ಯುತ್ ಬಳಕೆ ವೇಗದ ಲೆಕ್ಕದಲ್ಲಿ ಏರುತ್ತದೆ, ವೋಲ್ಟೇಜ್‌ನ ವರ್ಗದ ಲೆಕ್ಕದಲ್ಲೂ ಏರುತ್ತದೆ. 4.2ರಿಂದ 4.6 ಅಂದರೆ ಸುಮಾರು ಶೇ 10 ಹೆಚ್ಚು ವೇಗ. ಅದಕ್ಕಾಗಿ ವೋಲ್ಟೇಜನ್ನು 1.2ರಿಂದ 1.35ಕ್ಕೆ ಒಯ್ದಿರಿ ಅನ್ನಿ. ಗುಣಿಸಿ ನೋಡಿದರೆ ವಿದ್ಯುತ್ ಶೇ 39ರಷ್ಟು ಜಾಸ್ತಿ. ಹತ್ತು ಪೈಸೆ ಲಾಭಕ್ಕೆ ನಲವತ್ತು ಪೈಸೆ ಖರ್ಚು. ಸಾಲದ್ದಕ್ಕೆ ವಿಪರೀತ ವೋಲ್ಟೇಜ್, ವಿಪರೀತ ಬಿಸಿ ಎರಡೂ ಸೇರಿ ಚಿಪ್ ಒಳಗಿನ ತಂತಿಗಳನ್ನು ನಿಧಾನಕ್ಕೆ ಸವೆಸುತ್ತವೆ.

ಹಾಗಾಗಿ ಹೊಸಬರು ಪಿಬಿಒ (ಸಿಪಿಯು ತಾನೇ ವೇಗ ಏರಿಸಿಕೊಳ್ಳುವ ಮಿತಿಯನ್ನು ಸಡಿಲಿಸುವ ಎಎಂಡಿಯ ಸೌಲಭ್ಯ) ಮತ್ತು ಅದರೊಳಗಿನ ಕರ್ವ್ ಆಪ್ಟಿಮೈಸರ್ (ವೋಲ್ಟೇಜ್ ಹೆಚ್ಚುಕಮ್ಮಿ ಮಾಡುವ ಆಯ್ಕೆ) ದಾರಿ ಹಿಡಿಯಲಿ. ಸಿಪಿಯುಗೆ ಕಂಪನಿ ಎಲ್ಲ ಚಿಪ್‌ಗೂ ಸಾಕಾಗಲಿ ಅಂತ ಸ್ವಲ್ಪ ಧಾರಾಳವಾಗಿಯೇ ವೋಲ್ಟೇಜ್ ಬಡಿಸಿರುತ್ತದೆ. ನಿಮ್ಮ ಚಿಪ್‌ಗೆ ಅಷ್ಟು ಬೇಡದಿರಬಹುದು. ಬಡಿಸಿದ್ದನ್ನು ಸ್ವಲ್ಪ ಕಡಿಮೆ ಮಾಡಿದರೆ ಬಿಸಿ ಇಳಿಯುತ್ತದೆ, ಉಳಿದ ಜಾಗದಲ್ಲಿ ಅದು ತಾನೇ ವೇಗ ಏರಿಸಿಕೊಳ್ಳುತ್ತದೆ.

ಬಯಾಸ್‌ನಲ್ಲಿ ಪಿಬಿಒ ಅಡ್ವಾನ್ಸ್ಡ್‌ಗೆ ಹೋಗಿ. ಕರ್ವ್ ಆಪ್ಟಿಮೈಸರ್, ಆಲ್ ಕೋರ್, ನೆಗೆಟಿವ್, 10 ಅಂತ ಕೊಡಿ. ಉಳಿದದ್ದೇನೂ ಮುಟ್ಟಬೇಡಿ. ಸೇವ್ ಮಾಡಿ, ಸಿನಿಬೆಂಚ್ ಓಡಿಸಿ, ಎರಡು ದಿನ ಮಾಮೂಲಿ ಕೆಲಸ ಮಾಡಿ. ಸರಿ ಇದ್ದರೆ 15. ಆಮೇಲೆ 20. ಒಂದೇ ಏಟಿಗೆ 30 ಬೇಡ. ಆಮೇಲೆ ಬೇಕಿದ್ದರೆ ಬೂಸ್ಟ್ ಓವರ್‌ರೈಡ್‌ನಲ್ಲಿ 50, 100 ಮೆಗಾಹರ್ಟ್ಜ್ ಹೆಚ್ಚಿಸಿ ನೋಡಿ, ಅದರ ಮಿತಿ 200.

ಒಂದು ವಿಚಿತ್ರ ಗಮನಿಸಿ. ವೋಲ್ಟೇಜ್ ಜಾಸ್ತಿ ಇಳಿಸಿದ್ದರೆ ಮೆಷಿನ್ ಭಾರೀ ಕೆಲಸದಲ್ಲಿ ಕೆಡುವುದಕ್ಕಿಂತ ಸುಮ್ಮನಿದ್ದಾಗ ಕೆಡುವುದೇ ಹೆಚ್ಚು. ಸಿನಿಬೆಂಚ್ ಪಾಸಾಗಿರುತ್ತದೆ, ನೀವು ಕಾಫಿ ತರಲು ಎದ್ದು ಹೋಗಿ ಬರುವಷ್ಟರಲ್ಲಿ ಪಿಸಿ ತಾನೇ ರೀಸ್ಟಾರ್ಟ್ ಆಗಿರುತ್ತದೆ. ಹಗುರ ಕೆಲಸದಲ್ಲಿ ಒಂದೇ ಕೋರ್ ತುತ್ತತುದಿಯ ವೇಗಕ್ಕೆ ಹಾರುತ್ತದೆ, ಆಗ ವೋಲ್ಟೇಜ್ ಸಾಲುವುದಿಲ್ಲ. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ವೀಯಾ ಲಾಗರ್ (WHEA-Logger) ಹೆಸರಿನ ದೂರು ಕಂಡರೆ ಕರ್ವ್ ಆಪ್ಟಿಮೈಸರ್ ಅಂಕಿಯಲ್ಲಿ 5 ಕಡಿಮೆ ಮಾಡಿ, 20 ಇದ್ದರೆ 15. ಕೋರ್‌ಸೈಕ್ಲರ್ ಅನ್ನೋ ಉಚಿತ ತಂತ್ರಾಂಶ ಒಂದೊಂದೇ ಕೋರನ್ನು ಸರದಿಯಲ್ಲಿ ಪರೀಕ್ಷೆ ಮಾಡುತ್ತದೆ. ರಾತ್ರಿ ಹಾಕಿ ಮಲಗಿ.

ಪರದೆ ಕಪ್ಪಾದರೆ

ಗಾಬರಿ ಬೇಡ. ಬಹಳಷ್ಟು ಬೋರ್ಡ್‌ಗಳು ಎರಡು ಮೂರು ಸಲ ಪ್ರಯತ್ನಿಸಿ ತಾವೇ ಹಳೇ ಸೆಟ್ಟಿಂಗ್‌ಗೆ ಮರಳುತ್ತವೆ. ಇಲ್ಲದಿದ್ದರೆ ಪ್ಲಗ್ ತೆಗೆದು, ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಬಿಚ್ಚಿ, ಐದು ನಿಮಿಷ ಬಿಟ್ಟು ಹಾಕಿ. ಬಯಾಸ್ ಎಲ್ಲ ಮರೆತುಹೋಗುತ್ತದೆ, ಎಕ್ಸ್‌ಎಂಪಿ ಸಮೇತ. ಅದಕ್ಕೇ ಪ್ರತಿ ಬದಲಾವಣೆಗೂ ಮುಂಚೆ ಪರದೆಯ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ.

ಎಲ್ಲ ಸರಿ ಹೋದ ಮೇಲೆ ಬಯಾಸ್‌ನಲ್ಲಿ ಪ್ರೊಫೈಲ್ ಆಗಿ ಉಳಿಸಿ. ಹೆಜ್ಜೆ 1ರ ಕಾಗದವನ್ನು ಎಸೆಯಬೇಡಿ. ಮಾರ್ಚ್ ಕೊನೆಗೆ ಕೋಣೆಯ ಉಷ್ಣತೆ ನೋಡಿಕೊಂಡು ಅದೇ ಪರೀಕ್ಷೆಯನ್ನು ಮತ್ತೆ ಓಡಿಸಬೇಕು. ನನ್ನ ಪಿಸಿಯಲ್ಲಿ ಎರಡು ಪ್ರೊಫೈಲ್ ಇವೆ. ಒಂದರ ಹೆಸರು ಮಳೆಗಾಲ, ಇನ್ನೊಂದರದು ಬೇಸಿಗೆ.